ಅಣ್ಣ ತಪ್ಪೊಪ್ಪಿಲ್ಲ, ನಾನು ಕ್ಷಮಿಸಿ ಕೇಸು ಬಿಡಬೇಕೇ?

ಪ್ರಶ್ನೆ: ನಾನು ಮದ್ದೂರಿನ ಕಡೆಯವನು. ಅಪ್ಪ ತೀರಿಕೊಂಡ ಮೇಲೆ ಅಣ್ಣ ನನಗೆ ತಿಳಿಸದೆ ಒಂದೂವರೆ ಎಕರೆ ಗದ್ದೆಯನ್ನು ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡ. ಪಾಲು ಕೇಳಿ ದಾವೆ ಹಾಕಿದ್ದೇನೆ. ಚರ್ಚಿನಲ್ಲಿ ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ’ ಎನ್ನುವಾಗ ಗಂಟಲು ಕಟ್ಟುತ್ತದೆ. ಅವನು ಕ್ಷಮೆ ಕೇಳಿಯೇ ಇಲ್ಲ. ಏನು ಮಾಡಲಿ?

ಉತ್ತರ: ಕ್ಷಮಿಸಬೇಕು. ಕೇಸು ಬೇರೆ ಮಾತು.

ಕೇಳದವನನ್ನೂ ಕ್ಷಮಿಸಬೇಕೇ ಎಂಬ ಗೊಂದಲಕ್ಕೆ ಬೈಬಲಿನಲ್ಲೇ ಕಾರಣವಿದೆ. ಲೂಕ 17:3ರಲ್ಲಿ ‘ಪಶ್ಚಾತ್ತಾಪಪಟ್ಟರೆ ಕ್ಷಮಿಸು’ ಎಂದಿದೆ. ಮಾರ್ಕ 11:25ರಲ್ಲಿ ಪ್ರಾರ್ಥನೆಗೆ ನಿಂತಾಗ ಯಾರ ಮೇಲೆ ಏನಿದ್ದರೂ ಕ್ಷಮಿಸಿಬಿಡಿ ಎಂದಿದೆ, ಷರತ್ತೇ ಇಲ್ಲ. ಎರಡನ್ನೂ ಸೇರಿಸಿ ಓದಿದರೆ ಅರ್ಥವಾಗುತ್ತದೆ: ಮನಸ್ಸಿನ ಲೆಕ್ಕ ಚುಕ್ತಾ ಮಾಡಲು ನೀವೊಬ್ಬರೇ ಸಾಕು, ಸಂಬಂಧ ಮತ್ತೆ ಕೂಡಲು ಇಬ್ಬರೂ ಬೇಕು. ಕ್ಷಮೆಗೆ ಸುವಾರ್ತೆಯ ಗ್ರೀಕ್ ಮೂಲದಲ್ಲಿರುವ ‘ಅಫಿಯೆಮಿ’ ಎಂಬ ಪದಕ್ಕೆ ಬಿಟ್ಟುಬಿಡು ಎಂದರ್ಥ. ಮೀನುಗಾರರಾದ ಪೇತ್ರ, ಅಂದ್ರೆಯರು ಬಲೆ ಬಿಟ್ಟು ಯೇಸುವಿನ ಹಿಂದೆ ಹೋದರು ಎನ್ನುವಲ್ಲೂ ಅದೇ ಪದ.

ಹಾಗೆಂದು ನಿಮಗಾದ ನಷ್ಟ ಸಣ್ಣದೆಂದು ಯೇಸು ಹೇಳಲಿಲ್ಲ. ಮತ್ತಾಯ 18ರ ಸಾಮತಿಯಲ್ಲಿ, ಅಂದರೆ ಯೇಸು ಹೇಳಿದ ನೀತಿಕಥೆಯಲ್ಲಿ, ಒಬ್ಬ ಆಳಿಗೆ ಜೊತೆಯ ಆಳಿನಿಂದ ಬರಬೇಕಿದ್ದದ್ದು 100 ದಿನಾರಿ. ಒಂದು ದಿನಾರಿ ಎಂದರೆ ಒಂದು ದಿನದ ಕೂಲಿ. ಇಂದು 500 ರೂಪಾಯಿ ಎಂದಿಟ್ಟುಕೊಂಡರೆ 50,000 ರೂಪಾಯಿ. ಕೂಲಿಯವನಿಗೆ ಅದು ನಿಜವಾದ ಹಣವೇ. ಆದರೆ ಆ ಸಾಲ ವಸೂಲಿಗೆ ನಿಂತ ಆಳಿಗೆ ರಾಜ ಅದಕ್ಕೂ ಮೊದಲು ಬಿಟ್ಟುಕೊಟ್ಟಿದ್ದ ಸಾಲ 10,000 ತಲಾಂತು. ತಲಾಂತಿಗೆ ಸುಮಾರು 6,000 ದಿನಾರಿಯಂತೆ ಅದು 3,000 ಕೋಟಿ ರೂಪಾಯಿ ಆಗುತ್ತದೆ. ನೀವು ಬಿಡುವುದು ಆ ದೊಡ್ಡ ಮನ್ನಾದ ಬಲದಿಂದ.

ಬಿಡುವುದು ಹೇಗೆ? ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಅಣ್ಣ ಮಾಡಿದ್ದನ್ನು ಸರ್ವೆ ನಂಬರು, ವರ್ಷದ ಸಮೇತ ಬರೆಯಿರಿ. ‘ಮೋಸ ಮಾಡಿದ’ ಎಂದಷ್ಟೇ ಬರೆದರೆ ಏನನ್ನು ಕ್ಷಮಿಸುತ್ತಿದ್ದೀರಿ ಎಂಬುದೇ ಸಿಗುವುದಿಲ್ಲ. ಬಲಕ್ಕೆ ಅವನಿಂದ ವಸೂಲಿ ಆಗಬೇಕೆಂದು ಒಳಗೊಳಗೇ ಬಯಸಿದ್ದೆಲ್ಲ: ಗದ್ದೆಯ ಪಾಲು, ನೆಂಟರ ಮುಂದೆ ಅವನ ತಲೆ ತಗ್ಗುವುದು, ಅವನ ಕಬ್ಬು ಒಣಗುವುದು. ಪಾಲನ್ನು ಉಳಿಸಿ, ಮಿಕ್ಕಿದ್ದನ್ನು ಒಂದೊಂದಾಗಿ ದೇವರ ಮುಂದೆ ಓದಿ ಹೊಡೆದುಹಾಕಿ. ಆಮೇಲೆ ದಿನಾ ಅವನ ಹೆಸರು ಹಿಡಿದು ಒಂದೇ ಒಂದು ವಾಕ್ಯ ಪ್ರಾರ್ಥಿಸಿ. ಪಹಣಿ ಕೈಗೆ ಬಂದ ದಿನ ಹೊಟ್ಟೆ ಮತ್ತೆ ಉರಿಯುತ್ತದೆ. ಕ್ಷಮೆ ಸುಳ್ಳಾಯಿತು ಎಂದುಕೊಳ್ಳಬೇಡಿ, ಹಾಳೆ ತೆಗೆದು ಮತ್ತೆ ಹೊಡೆದುಹಾಕಿ. ಏಳೆಪ್ಪತ್ತು ಸಾರಿ ಕ್ಷಮಿಸು ಎಂದು ಯೇಸು ಹೇಳಿದ್ದು ಇದಕ್ಕೂ ಒಗ್ಗುತ್ತದೆ.

ಇಲ್ಲೇ ಬಹಳ ಜನ ಎಡವುವುದು: ಫೋನ್ ಮಾಡಿ ‘ನಿನ್ನನ್ನು ಕ್ಷಮಿಸಿದ್ದೇನೆ ಅಣ್ಣ’ ಎನ್ನುತ್ತಾರೆ. ಕೇಳದವನಿಗೆ ಅದು ಬೈಗುಳದಂತೆಯೇ ಕೇಳಿಸುತ್ತದೆ.

ಇನ್ನು ಕೇಸು. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುವುದನ್ನು ಪೌಲ ಕೊರಿಂಥದ ಸಭೆಗೆ, ಅಂದರೆ ಅಲ್ಲಿನ ಚರ್ಚಿಗೆ, ಬರೆದ ಮೊದಲ ಪತ್ರದಲ್ಲಿ (1 ಕೊರಿಂಥ 6) ಕಟುವಾಗಿಯೇ ಪ್ರಶ್ನಿಸುತ್ತಾನೆ. ಅದನ್ನು ಹಾರಿಸಿ ಓದುವಂತಿಲ್ಲ. ಆದರೆ ಅವನು ಕೇಳುವುದು ಸಭೆಯೊಳಗೇ ತೀರ್ಮಾನ ಮಾಡುವವರು ಯಾರೂ ಇಲ್ಲವೇ ಎಂದು. ಮತ್ತಾಯ 18:15ರಿಂದ ಕ್ರಮವೂ ಇದೆ: ಮೊದಲು ಒಬ್ಬರೇ ಹೋಗಿ ಮಾತಾಡಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಮೇಲೆ ಸಭೆಗೆ ತಿಳಿಸಿ. ನಮ್ಮಲ್ಲಿ ಊರಿಗೆಲ್ಲ ಹೇಳಿ ಕೊನೆಗೆ ಅಣ್ಣನ ಮನೆಗೆ ಹೋಗುತ್ತೇವೆ, ಕೆಲಸ ಕೆಡುವುದು ಅಲ್ಲೇ. ಮುಂದಿನ ವಾಯಿದೆಯೊಳಗೆ ಇದನ್ನು ಮಾಡಿ ನೋಡಿ. ಒಪ್ಪಿದರೆ ವಕೀಲರ ಮೂಲಕ ರಾಜಿ ಬರೆಸಿ ಕೋರ್ಟಿಗೆ ಸಲ್ಲಿಸಿ. ಬಾಯಿಮಾತಿಗೆ ಕೇಸು ಬಿಡಬೇಡಿ. ಒಪ್ಪದಿದ್ದರೆ ದಾವೆ ನಡೆಯಲಿ, ಅವನನ್ನು ಸತಾಯಿಸಲೆಂದೇ ಹೊಸ ಅರ್ಜಿ ಮಾತ್ರ ಬೇಡ.

ಅಣ್ಣನನ್ನು ಮತ್ತೆ ನಂಬಬೇಕೇ ಎಂಬುದಕ್ಕೆ ಬೈಬಲಿನ ಯೋಸೇಫನನ್ನು ನೋಡಿ. 20 ಬೆಳ್ಳಿ ನಾಣ್ಯಕ್ಕೆ ತನ್ನನ್ನು ಮಾರಿದ ಅಣ್ಣಂದಿರು ಬರಗಾಲದಲ್ಲಿ ಬಂದಾಗ, ಈಜಿಪ್ಟಿನ ಅಧಿಕಾರಿಯಾಗಿದ್ದ ಅವನು ಅವರಿಗೆ ಧಾನ್ಯ ಕೊಟ್ಟ, ಅವರ ಹಣವನ್ನೂ ಚೀಲದ ಬಾಯಲ್ಲೇ ಇಡಿಸಿದ, ಗುರುತನ್ನು ಮಾತ್ರ ಬಿಟ್ಟುಕೊಡಲಿಲ್ಲ. ಮಾರೋಣ ಎಂದಿದ್ದ ಯೆಹೂದನೇ ತಮ್ಮ ಬೆನ್ಯಾಮೀನನ ಬದಲು ತಾನು ಗುಲಾಮನಾಗುತ್ತೇನೆ ಎಂದಾಗಲೇ ಅವನು ಅತ್ತು ‘ನಾನೇ ಯೋಸೇಫ’ ಎಂದದ್ದು. ಹಾಗೆಯೇ ಮಗಳ ಮದುವೆಗೆ ಅಣ್ಣನನ್ನು ಕರೆಯಿರಿ, ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರಿಸಿ. ಅವನು ತಂದ ಖಾಲಿ ಛಾಪಾ ಕಾಗದಕ್ಕೆ ಸಹಿ ಮಾತ್ರ ಬೇಡ.