ಕ್ಲಾಮತ್ ನದಿಯ ಮೀನು, ನಿಂತುಹೋದ ಸಣ್ಣ ಬೆಂಕಿ

2022ರ ಆಗಸ್ಟ್ ಮೊದಲ ವಾರ ಉತ್ತರ ಕ್ಯಾಲಿಫೋರ್ನಿಯಾದ ಕ್ಲಾಮತ್ ನದಿಯಲ್ಲಿ ಸಾವಿರಗಟ್ಟಲೆ ಮೀನು ಸತ್ತು ತೇಲಿದವು. ಜುಲೈ 29ರಂದು ಹೊತ್ತಿಕೊಂಡಿದ್ದ ಮೆಕಿನ್ನಿ ಕಾಳ್ಗಿಚ್ಚು ಅಷ್ಟರಲ್ಲಿ ನಾಲ್ಕು ಜೀವ ತೆಗೆದಿತ್ತು. ಸುಮಾರು 60,000 ಎಕರೆ ಸುಟ್ಟಿತ್ತು. ಮೀನುಗಳ ಸಾವಿಗೆ ಕಾರಣವಾಗಿದ್ದು ಅದರ ಬೆನ್ನಿಗೇ ಸುರಿದ ಜೋರು ಮಳೆ.

ಕಾಡು ತೀರಾ ಜೋರಾಗಿ ಉರಿದರೆ ತರಗೆಲೆ, ಹುಲ್ಲು, ಪೊದೆ ಯಾವುದೂ ಉಳಿಯುವುದಿಲ್ಲ. ಸುಟ್ಟ ಎಲೆಗಳ ಮೇಣದಂಥ ಅಂಶ ಮಣ್ಣಿಗಿಳಿದು ನೀರು ಇಂಗದ ಪದರವಾಗುತ್ತದೆ. ಮಳೆ ಬಂದರೆ ಬೂದಿ, ಮಣ್ಣು, ಕೊರಡು ಎಲ್ಲವೂ ಗುಡ್ಡದಿಂದ ಜಾರಿ ಹೊಳೆಗೆ ಬೀಳುತ್ತವೆ. ಕ್ಲಾಮತ್‌ನಲ್ಲಿ ಆಗಿದ್ದೂ ಇದೇ. ನೀರಿನಲ್ಲಿದ್ದ ಆಮ್ಲಜನಕ ಹತ್ತಿರ ಹತ್ತಿರ ಸೊನ್ನೆಗೆ ಇಳಿಯಿತು.

ಇಷ್ಟು ಉರಿಯಲು ಕಾಡಿನಲ್ಲಿ ಅಷ್ಟೊಂದು ಸೌದೆ ಎಲ್ಲಿಂದ ಬಂತು? ಆ ಕಣಿವೆಯ ಕಾರುಕ್ ಬುಡಕಟ್ಟಿನವರು ತಲೆತಲಾಂತರದಿಂದ ಕಾಡಿಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಬುಟ್ಟಿ ಹೆಣೆಯಲು ನೇರ ಕಡ್ಡಿ ಬೇಕು, ಊಟಕ್ಕೆ ಓಕ್ ಕಾಯಿ ಬೇಕು; ಎರಡಕ್ಕೂ ಈ ಬೆಂಕಿ ನೆರವಾಗುತ್ತಿತ್ತು. ನದಿಗೂ ಅದರಿಂದ ಲಾಭವಿತ್ತು. ಪೊದೆ, ಎಳೆಮರ ಕಡಿಮೆಯಾದರೆ ಅವು ಹೀರುವ ನೀರು ತೊರೆಗೆ ಉಳಿಯುತ್ತದೆ. ಹೊಗೆ ಬಿಸಿಲನ್ನು ತಡೆದು ನೀರನ್ನು ತಂಪಾಗಿಡುತ್ತದೆ. ಸಾಲ್ಮನ್ ಮೀನಿಗೆ ತಣ್ಣನೆಯ ನೀರೇ ಜೀವ. ಹೊಗೆಯ ದಿನಗಳಲ್ಲಿ ಈ ಕಣಿವೆಯ ಹೊಳೆಗಳು ತಂಪಾಗುತ್ತವೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವೂ ಹೇಳಿತು. ಕಾರುಕರಿಗೆ ಇದು ಹೊಸ ಸುದ್ದಿಯೇನಲ್ಲ.

1850ರ ಕ್ಯಾಲಿಫೋರ್ನಿಯಾ ಕಾನೂನು ಮೂಲನಿವಾಸಿಗಳು ಹುಲ್ಲುಗಾವಲಿಗೆ ಬೆಂಕಿ ಹಾಕುವುದನ್ನು ಶಿಕ್ಷಾರ್ಹ ಮಾಡಿತು. 1910ರಲ್ಲಿ ವಾಯವ್ಯ ಅಮೆರಿಕದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟ ಮೇಲೆ ಬೆಂಕಿಯ ಬಗ್ಗೆ ಭಯ ಇನ್ನೂ ಜಾಸ್ತಿಯಾಯಿತು. 1935ರಲ್ಲಂತೂ ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಗ್ಗೆ 10 ಗಂಟೆಯೊಳಗೆ ಆರಿಸಬೇಕೆಂದು ಅರಣ್ಯ ಇಲಾಖೆ ನಿಯಮ ಮಾಡಿತು. ಕಾಡನ್ನು ಉಳಿಸಬೇಕೆಂಬ ಆಸೆ ನಿಜವಾದದ್ದೇ. ಆದರೆ ವರ್ಷವರ್ಷವೂ ಒಣ ಎಲೆ, ಒತ್ತೊತ್ತಾದ ಮರ ಸೇರುತ್ತಲೇ ಹೋದವು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗೆಲೆಗೆ ಹಾಕುತ್ತಿದ್ದ ‘ತರಗು ಬೆಂಕಿ’ಯೂ ಹೀಗೇ ನಿಂತುಹೋಯಿತು ಅಲ್ವಾ? ಅಲ್ಲಿ ಈಗ ಲಂಟಾನ ಪೊದೆ ತುಂಬಿದೆ.

ಸಾಲ್ಮನ್ ದಾರಿಗೆ ಅಡ್ಡವಾಗಿದ್ದ ಕ್ಲಾಮತ್‌ನ ನಾಲ್ಕು ಅಣೆಕಟ್ಟುಗಳನ್ನು ತೆಗೆಯುವ ಕೆಲಸ 2024ರಲ್ಲಿ ಮುಗಿಯಿತು. ಸಾಲ್ಮನ್ ಅದೇ ವರ್ಷ ಮೇಲಿನ ಹೊಳೆಗಳಿಗೆ ಹತ್ತಿದವು. 2025ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಕಾರುಕರೊಂದಿಗೆ ಒಪ್ಪಂದ ಮಾಡಿಕೊಂಡಿತು. ಸಂಪ್ರದಾಯದ ಬೆಂಕಿಗೆ ಅವರಿನ್ನು ರಾಜ್ಯದ ಪರವಾನಗಿಗಾಗಿ ಕಾಯಬೇಕಿಲ್ಲ. ದೊಡ್ಡ ತೊಡಕು ಮಾತ್ರ ಹಾಗೇ ಇದೆ. ಅವರ ಮೂಲ ನೆಲದ ಬಹುಪಾಲು ಕೇಂದ್ರದ ಅರಣ್ಯ ಇಲಾಖೆಯ ಕೈಯಲ್ಲಿದೆ, ಅಲ್ಲಿ ಕಡ್ಡಿ ಗೀರಲು ಆ ಇಲಾಖೆಯೇ ಒಪ್ಪಬೇಕು.