ಗಾಡ್ಜಿಲ್ಲಾ ಡಿಸ್ಕಿನಲ್ಲಿ ಏನಿರಬೇಕೆಂದು ತೀರ್ಮಾನಿಸುವವರು ಯಾರು?

2019ರ ಅಕ್ಟೋಬರ್ 29ರಂದು, ಚಲನಚಿತ್ರಗಳನ್ನು ಡಿಸ್ಕುಗಳಾಗಿ ಹೊರತರುವ ಅಮೆರಿಕದ ಕ್ರೈಟೀರಿಯನ್ ಸಂಸ್ಥೆಯು ತನ್ನ ಮಾಲಿಕೆಯ 1000ನೆಯ ಕ್ರಮಾಂಕವನ್ನು ಜಪಾನೀ ಸಿನಿಮಾದ ದೈತ್ಯಪ್ರಾಣಿ ಗಾಡ್ಜಿಲ್ಲಾನಿಗೆ ಮೀಸಲಿಟ್ಟು, ಜಪಾನಿನ ತೋಹೋ ಸಂಸ್ಥೆ 1954ರಿಂದ 1975ರವರೆಗೆ ತಯಾರಿಸಿದ 15 ಚಿತ್ರಗಳನ್ನು ಎಂಟು ಬ್ಲೂ-ರೇ ಡಿಸ್ಕುಗಳಲ್ಲಿ ಒಟ್ಟಿಗೆ ಹೊರತಂದಿತು. ಹದಿನಾಲ್ಕು ಚಿತ್ರಗಳು ಮೂಲ ಜಪಾನೀ ರೂಪದಲ್ಲಿಯೇ ಇದ್ದವು. ಮೂರನೆಯದಾದ ‘ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲ್ಲಾ’ದ ಸ್ಥಾನದಲ್ಲಿ ಮಾತ್ರ 1963ರ ಅಮೆರಿಕನ್ ಆವೃತ್ತಿ ಕುಳಿತಿತ್ತು, 1962ರ ಜಪಾನೀ ಮೂಲವನ್ನು ಕೊನೆಯ ಡಿಸ್ಕಿನಲ್ಲಿ, ಸಂದರ್ಶನಗಳ ಜೊತೆಗೆ, ಹೆಚ್ಚುವರಿ ಸಾಮಗ್ರಿಯೆಂಬಂತೆ ಸೇರಿಸಲಾಗಿತ್ತು. ಇಷ್ಟು ಮುತುವರ್ಜಿಯಿಂದ ಕೆಲಸ ಮಾಡುವ ಸಂಸ್ಥೆ ಮೂಲ ಚಿತ್ರವನ್ನು ಹಿಂದಿನ ಸಾಲಿಗೆ ತಳ್ಳಿದ್ದೇಕೆ ಎಂದು ಸಂಗ್ರಾಹಕರು ಗೊಣಗಿದ್ದು ಸಹಜವೇ. ಆದರೆ ಚಲನಚಿತ್ರ ಹಕ್ಕುಗಳ ಕರಾರುಗಳನ್ನು ಬರೆಯುವ, ಬೇರೆಯವರು ಬರೆದದ್ದನ್ನು ತಿದ್ದುವ ವೃತ್ತಿಯಲ್ಲಿರುವ ನನಗೆ ಆ ಜೋಡಣೆಯಲ್ಲಿ ಕಂಡದ್ದು ಅರವತ್ತರ ದಶಕದ ಒಂದು ಮಾರಾಟ ಒಪ್ಪಂದದ ನೆರಳು.

ನಾವು ಅಂಗಡಿಯಲ್ಲಿ ‘ಒಂದು ಸಿನಿಮಾ’ ಎಂದು ಕೊಳ್ಳುವ ವಸ್ತು ಕರಾರಿನ ಕಣ್ಣಿಗೆ ಒಂದಲ್ಲ. ಯಾವ ಆವೃತ್ತಿ, ಯಾವ ಭಾಷೆಯ ಧ್ವನಿ, ಯಾವ ದೇಶ, ಯಾವ ಮಾಧ್ಯಮ, ಎಷ್ಟು ವರ್ಷ ಎಂಬ ಪ್ರತಿಯೊಂದು ಅಂಶವೂ ಬೇರೆ ಬೇರೆ ಹಕ್ಕಾಗಿ ಬೇರೆ ಬೇರೆ ಕೈಗಳಲ್ಲಿ ಇರಬಹುದು. ನಮ್ಮ ಗಾಂಧಿನಗರದಲ್ಲಿ ನೆಗೆಟಿವ್ ರೈಟ್ಸ್, ಸ್ಯಾಟಲೈಟ್ ರೈಟ್ಸ್, ಡಬ್ಬಿಂಗ್ ರೈಟ್ಸ್ ಎಂದು ಒಂದೇ ಚಿತ್ರವನ್ನು ತುಂಡು ತುಂಡಾಗಿ ಮಾರುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ಜಪಾನಿನ ದೈತ್ಯಪ್ರಾಣಿ ಚಿತ್ರಗಳ ವಿಷಯದಲ್ಲಿ ಈ ತುಂಡುಗಳು ಅರ್ಧ ಶತಮಾನದ ಅವಧಿಯಲ್ಲಿ ಎಷ್ಟು ಕೈ ಬದಲಾಯಿಸಿವೆಯೆಂದರೆ, ಎರಡು ಡಿಸ್ಕುಗಳ ನಡುವಿನ ವ್ಯತ್ಯಾಸವನ್ನು ಪ್ರಕಾಶಕರ ಅಭಿರುಚಿಗಿಂತ ಅವರ ಕಡತದಲ್ಲಿರುವ ಪತ್ರಗಳಿಂದಲೇ ಹೆಚ್ಚು ವಿವರಿಸಬಹುದು.

ಮೊದಲ ಚಿತ್ರವನ್ನೇ ನೋಡಿ. ಇಶಿರೋ ಹೋಂಡಾ ನಿರ್ದೇಶಿಸಿದ ‘ಗೊಜಿರಾ’ (ಗಾಡ್ಜಿಲ್ಲಾನ ಜಪಾನೀ ಹೆಸರು) 1954ರ ನವೆಂಬರ್ 3ರಂದು ಜಪಾನಿನಲ್ಲಿ ಬಿಡುಗಡೆಯಾದಾಗ ಅದರ ಅವಧಿ 96 ನಿಮಿಷ. 1956ರಲ್ಲಿ ಅಮೆರಿಕದ ವಿತರಕರು ಅದರ ಭಾಗಗಳನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನನ್ನಾಗಿಸಿ ಚಿತ್ರೀಕರಿಸಿದ ಹೊಸ ದೃಶ್ಯಗಳನ್ನು ನಡುನಡುವೆ ಹೊಲಿದು, 80 ನಿಮಿಷದ ಬೇರೆಯೇ ಚಿತ್ರವೊಂದನ್ನು ಮಾಡಿದರು. ಕಾನೂನಿನಲ್ಲಿ ಇದು ಮೂಲದಿಂದ ಹುಟ್ಟಿದ, ಆದರೆ ತನ್ನದೇ ಹಕ್ಕುಗಳಿರುವ ಕೃತಿ. ಅಮೆರಿಕದವರು ದಶಕಗಳ ಕಾಲ ಗಾಡ್ಜಿಲ್ಲಾ ಎಂದು ನೋಡಿದ್ದು ಇದನ್ನೇ. ಜಪಾನೀ ಮೂಲವನ್ನು ರಿಯಾಲ್ಟೋ ಸಂಸ್ಥೆ ಅಲ್ಲಿನ ಚಿತ್ರಮಂದಿರಗಳಿಗೆ ತಂದದ್ದು 2004ರಲ್ಲಿ. ಎರಡೂ ಆವೃತ್ತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಕ್ಲಾಸಿಕ್ ಮೀಡಿಯಾ ಡಿವಿಡಿ ತಂದದ್ದು 2006ರಲ್ಲಿ. ಚಿತ್ರ ಹುಟ್ಟಿ 52 ವರ್ಷಗಳ ಬಳಿಕ!

ಇಂಥ ಚಿತ್ರಗಳ ಕರಾರು ಕೈಗೆ ಬಂದಾಗ ನಾನು ಮೊದಲು ತೆರೆಯುವುದು ಕೊನೆಯ ಪುಟಗಳಲ್ಲಿರುವ ಅನುಬಂಧವನ್ನು. ಅಲ್ಲಿ ಚಿತ್ರದ ಹೆಸರಿನ ಮುಂದೆ ಬಿಡುಗಡೆಯ ವರ್ಷ, ಭಾಷೆ ಮತ್ತು ನಿಮಿಷಗಳು ನಮೂದಾಗಿರಬೇಕು. ಹೆಸರು ಮೋಸ ಮಾಡುತ್ತದೆ, ನಿಮಿಷಗಳು ಮಾಡುವುದಿಲ್ಲ. ‘ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲ್ಲಾ’ ಎಂದಷ್ಟೇ ಬರೆದರೆ ಅದು 97 ನಿಮಿಷದ ಜಪಾನೀ ಮೂಲವೋ, 91 ನಿಮಿಷದ ಅಮೆರಿಕನ್ ಆವೃತ್ತಿಯೋ, 1970ರಲ್ಲಿ ಮಕ್ಕಳ ರಜೆಗೆಂದು ತೋಹೋ ಸಂಸ್ಥೆಯೇ 74 ನಿಮಿಷಕ್ಕೆ ಇಳಿಸಿದ ಮರುಬಿಡುಗಡೆಯೋ ತಿಳಿಯುವುದಿಲ್ಲ. ಹೆಸರಿನ ಕೆಳಗೆ ‘ಹಾಗೂ ಇದರ ಸಮಸ್ತ ಆವೃತ್ತಿಗಳು’ ಎಂಬ ಸಾಲನ್ನು ಧಾರಾಳವಾಗಿ ಸೇರಿಸುವವರೂ ಇದ್ದಾರೆ. ತನ್ನದಲ್ಲದ ಆವೃತ್ತಿಯನ್ನು ಹಕ್ಕುದಾರ ಆ ಸಾಲಿನ ಬಲದಿಂದ ಕೊಡಲಾರ ಎಂಬುದು ಅವರಿಗೆ ಗೊತ್ತಾಗುವುದು ಡಿಸ್ಕು ಅಚ್ಚಾದ ಮೇಲೆ.

ಈ ಚಿತ್ರದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಕ್ಕಿನ ತೊಡಕು ಮತ್ತು ಫಿಲ್ಮಿನ ತೊಡಕು ಎರಡೂ ಇದರಲ್ಲಿ ಸಂಧಿಸುತ್ತವೆ. ಕಿಂಗ್ ಕಾಂಗ್ ತೋಹೋ ಸಂಸ್ಥೆಯ ಸೃಷ್ಟಿಯಲ್ಲ. ಆ ಪಾತ್ರವನ್ನು ಬಳಸಲು ಅಮೆರಿಕದ ಆರ್‌ಕೆಓ ಸಂಸ್ಥೆಯಿಂದ ಅನುಮತಿ ಪಡೆಯಲಾಗಿತ್ತು. ಜಾನ್ ಬೆಕ್ ಎಂಬ ನಿರ್ಮಾಪಕನ ಮೂಲಕ ಅಮೆರಿಕಕ್ಕೆ ಹೋದ ಚಿತ್ರವನ್ನು ಯೂನಿವರ್ಸಲ್ ಸಂಸ್ಥೆ 1963ರಲ್ಲಿ ಬಿಡುಗಡೆ ಮಾಡಿತು. ವಿಶ್ವಸಂಸ್ಥೆಯ ವಾರ್ತಾವಾಚಕನೊಬ್ಬ ಆಗಾಗ ಬಂದು ಕಥೆ ವಿವರಿಸುವ ದೃಶ್ಯಗಳು ಸೇರಿದವು. ಅಕಿರಾ ಇಫುಕುಬೆಯವರ ಸಂಗೀತದ ಬಹುಭಾಗ ಹೋಗಿ, ಯೂನಿವರ್ಸಲ್‌ನ ಹಳೆಯ ಚಿತ್ರಗಳ ಹಿನ್ನೆಲೆ ಸಂಗೀತ ಆ ಜಾಗಕ್ಕೆ ಬಂತು. ಆ ಆವೃತ್ತಿ ಯೂನಿವರ್ಸಲ್‌ನ ಕೈಯಲ್ಲಿ ಉಳಿಯಿತು, ಜಪಾನೀ ಮೂಲಕ್ಕೆ 2019ರವರೆಗೂ ಅಮೆರಿಕದಲ್ಲಿ ಅಧಿಕೃತ ವಿಡಿಯೋ ಬಿಡುಗಡೆಯೇ ಇಲ್ಲದಂತಾಯಿತು. ಎರಡು ದೇಶಗಳಿಗೆ ಎರಡು ಬೇರೆ ಅಂತ್ಯಗಳಿವೆ, ಜಪಾನಿನಲ್ಲಿ ಗಾಡ್ಜಿಲ್ಲಾ ಗೆಲ್ಲುತ್ತಾನೆ ಎಂಬ ದಂತಕಥೆ ಹಬ್ಬಿ ದಶಕಗಳ ಕಾಲ ಬದುಕಿದ್ದಕ್ಕೆ ಇದೇ ಕಾರಣವೆಂದು ನನ್ನ ಅಂದಾಜು. ಎರಡರಲ್ಲೂ ಈಜುತ್ತಾ ಮರಳುವವನು ಕಾಂಗ್ ಒಬ್ಬನೇ. ಜಪಾನೀ ಆವೃತ್ತಿಯ ಕೊನೆಗೆ ಇಬ್ಬರ ಘರ್ಜನೆಯೂ ಕೇಳುತ್ತದೆ, ಅಮೆರಿಕನ್ ಆವೃತ್ತಿಯಲ್ಲಿ ಕಾಂಗ್‌ನದು ಮಾತ್ರ. ಹೋಲಿಸಿ ನೋಡಲು ಜನರ ಬಳಿ ಪ್ರತಿ ಇದ್ದಿದ್ದರೆ ಅಂಥ ಕಥೆ ಹೆಚ್ಚು ಕಾಲ ನಿಲ್ಲುತ್ತಿರಲಿಲ್ಲ.

ಹಕ್ಕು ಜಪಾನಿನಲ್ಲಿಯೇ ಇದ್ದರೂ ಚಿತ್ರ ಅಲ್ಲಿಯೂ ಪೂರ್ಣವಾಗಿ ಉಳಿದಿರಲಿಲ್ಲ. 1970ರ ಮರುಬಿಡುಗಡೆಗಾಗಿ ತೋಹೋ ಸಂಸ್ಥೆ ಮೂಲ ನೆಗೆಟಿವ್‌ಗೇ ಕತ್ತರಿ ಹಾಕಿತ್ತು. ಮುಂದೆ ವಿಡಿಯೋ ಕಾಲ ಬಂದಾಗ ಪೂರ್ಣ ಚಿತ್ರ ಕೊಡಲು ಕಾಣೆಯಾದ ಭಾಗಗಳನ್ನು 16 ಮಿ.ಮೀ. ಪ್ರಿಂಟಿನಿಂದ ತುಂಬಿಸಬೇಕಾಯಿತು. ಹಳೆಯ ಡಿಸ್ಕುಗಳಲ್ಲಿ ಒಂದು ಶಾಟ್ ಬಣ್ಣ ತುಂಬಿ ಸ್ಪಷ್ಟವಾಗಿದ್ದು, ಮರುಕ್ಷಣದಲ್ಲಿ ಚಿತ್ರ ಮಂಕಾಗಿ, ಕಾಳುಕಾಳಾಗಿ ಕಾಣುವುದು ಆ ಹೊಲಿಗೆಯ ಗುರುತು. ಉತ್ತಮ ಮೂಲಗಳನ್ನು ಹುಡುಕಿ ಜೋಡಿಸಿದ 4ಕೆ ಮರುಸ್ಥಾಪನೆ 2016ರಲ್ಲಿ ಹೊರಬಂತು. ಹಕ್ಕುದಾರನೇ ತನ್ನ ನೆಗೆಟಿವ್ ಕತ್ತರಿಸಿದ್ದನ್ನು ಈಗ ಅಪರಾಧವೆನ್ನುವುದು ಸುಲಭ. ಸಿನಿಮಾ ಮತ್ತೆ ಮನೆಮನೆಗಳಲ್ಲಿ ಮಾರಾಟವಾಗುತ್ತದೆಂದು 1970ರಲ್ಲಿ ಯಾವ ಸ್ಟುಡಿಯೋವೂ ಲೆಕ್ಕ ಹಾಕಿರಲಿಲ್ಲ. ಆ ಕಾಲದ ಕರಾರುಗಳಲ್ಲಿ ‘ಹೋಮ್ ವಿಡಿಯೋ’ ಎಂಬ ಕಲಮೇ ಇರದಿದ್ದುದರಿಂದ ಆ ಹಕ್ಕು ಯಾರದು ಎಂಬ ಜಗಳ ಮುಂದೆ ಲೋಕದ ಎಲ್ಲ ಚಿತ್ರೋದ್ಯಮಗಳಲ್ಲಿಯೂ ಎದ್ದಿತು.

ಸಂಗೀತವೊಂದೇ ಇಡೀ ಆವೃತ್ತಿಯನ್ನು ತಡೆದು ನಿಲ್ಲಿಸಿದ ಉದಾಹರಣೆಯೂ ಇದೆ. 1984ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ತೆರೆಕಂಡ ಹೊಸ ಗಾಡ್ಜಿಲ್ಲಾ ಚಿತ್ರವನ್ನು ನ್ಯೂ ವರ್ಲ್ಡ್ ಸಂಸ್ಥೆ ಮರುವರ್ಷ ರೇಮಂಡ್ ಬರ್‌ನನ್ನು ಮತ್ತೆ ಕರೆತಂದು 87 ನಿಮಿಷದ ‘ಗಾಡ್ಜಿಲ್ಲಾ 1985’ ಆಗಿಸಿತು. ಹಾಗೆ ಮಾಡುವಾಗ ಕ್ರಿಸ್ಟೋಫರ್ ಯಂಗ್ ‘ಡೆಫ್-ಕಾನ್ 4’ ಎಂಬ ಬೇರೊಂದು ಚಿತ್ರಕ್ಕೆ ರಚಿಸಿದ್ದ ಸಂಗೀತದ ತುಣುಕುಗಳನ್ನು ಬಳಸಿಕೊಂಡಿತು. 2016ರಲ್ಲಿ ಕ್ರಾಕನ್ ಸಂಸ್ಥೆ ಅಮೆರಿಕದಲ್ಲಿ ಡಿಸ್ಕು ತಂದಾಗ ಜಪಾನೀ ಮೂಲವೂ ತೋಹೋ ರಫ್ತಿಗಾಗಿ ಮಾಡಿಸಿದ್ದ ಇಂಗ್ಲಿಷ್ ಡಬ್ಬಿಂಗೂ ಅದರಲ್ಲಿದ್ದವು. ಆ ಸಂಗೀತದ ಹಕ್ಕು ಬಗೆಹರಿಯದ ಕಾರಣ ಅಮೆರಿಕನ್ನರು ಬಾಲ್ಯದಲ್ಲಿ ನೋಡಿದ್ದ ಆವೃತ್ತಿ ಇರಲಿಲ್ಲ. ಒಂದು ಚಿತ್ರಕ್ಕೆ ಎರಡು ಇಂಗ್ಲಿಷ್ ಡಬ್ಬಿಂಗ್ ಇರುವುದು ಈ ಕ್ಷೇತ್ರದಲ್ಲಿ ಸಾಮಾನ್ಯ: ತೋಹೋ ರಫ್ತಿಗೆಂದು ಮಾಡಿಸಿದ್ದು ಒಂದು, ಅಮೆರಿಕದ ವಿತರಕ ತನ್ನ ಖರ್ಚಿನಲ್ಲಿ ಮಾಡಿಸಿದ್ದು ಇನ್ನೊಂದು. ಮೊದಲನೆಯದು ತೋಹೋ ಜೊತೆಗಿನ ಪರವಾನಗಿಯಲ್ಲಿಯೇ ಸೇರಿ ಬರಬಹುದು, ಎರಡನೆಯದಕ್ಕೆ ಆ ವಿತರಕನ ವಾರಸುದಾರರನ್ನು ಹುಡುಕಿಕೊಂಡು ಹೋಗಬೇಕು. ಕಂಪನಿ ಮೂರು ಬಾರಿ ಮಾರಾಟವಾಗಿದ್ದರೆ ಆ ಹುಡುಕಾಟದ ವೆಚ್ಚ ಡಿಸ್ಕಿನ ಲಾಭವನ್ನು ನುಂಗಿಹಾಕುತ್ತದೆ.

ಹಕ್ಕು ಯಾರದೂ ಅಲ್ಲ ಎಂಬ ನಂಬಿಕೆ ಇದಕ್ಕಿಂತ ಅಪಾಯಕಾರಿ. 1973ರ ‘ಗಾಡ್ಜಿಲ್ಲಾ ವರ್ಸಸ್ ಮೆಗಾಲಾನ್’ ಅಮೆರಿಕದಲ್ಲಿ ಹಕ್ಕುಮುಕ್ತವಾಗಿದೆ ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿದ್ದು, ಅಗ್ಗದ ವಿಎಚ್‌ಎಸ್ ಕ್ಯಾಸೆಟ್ಟುಗಳು ರಾಶಿರಾಶಿಯಾಗಿ ಬಂದವು. ಆದರೆ ಅಲ್ಲಿ ಅವಧಿ ಮೀರಿದ್ದ ವಿದೇಶಿ ಕೃತಿಗಳ ಹಕ್ಕನ್ನು 1996ರ ಜನವರಿ 1ರಿಂದ ಕಾನೂನು ಮರುಸ್ಥಾಪಿಸಿತು. ಹಳೆಯ ಚಿತ್ರಗಳನ್ನು ಗೇಲಿ ಮಾಡುತ್ತಾ ತೋರಿಸುವ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಎಂಬ ಟಿವಿ ಕಾರ್ಯಕ್ರಮದ ಹತ್ತನೆಯ ಡಿವಿಡಿ ಸಂಪುಟ 2006ರಲ್ಲಿ ಇದೇ ಮೆಗಾಲಾನ್ ಕಂತಿನೊಂದಿಗೆ ಬಂದು, ಹಕ್ಕಿನ ಕಾರಣಕ್ಕೆ ಮಾರುಕಟ್ಟೆಯಿಂದ ಹಿಂದೆ ಸರಿಯಿತು. 2008ರಲ್ಲಿ ಆ ಕಂತಿನ ಜಾಗಕ್ಕೆ ಬೇರೊಂದು ಚಿತ್ರದ ಕಂತನ್ನು ಹಾಕಿ ಸಂಪುಟವನ್ನು ಮತ್ತೆ ಹೊರತರಲಾಯಿತು. ಹಿಂದೆ ಸರಿದ ಪ್ರತಿಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಿರುತ್ತಾರೆ.

ಜಪಾನಿನ ಅಲ್ಟ್ರಾಮ್ಯಾನ್ ಟಿವಿ ಸರಣಿಯದು ಇದಕ್ಕೆ ತದ್ವಿರುದ್ಧವಾದ ಕಷ್ಟ: ಅಲ್ಲಿ ಹಕ್ಕುದಾರರೆಂದು ಹೇಳಿಕೊಳ್ಳುವವರು ಇಬ್ಬರಿದ್ದರು. ಗಾಡ್ಜಿಲ್ಲಾದ ವಿಶೇಷ ದೃಶ್ಯಗಳನ್ನು ರೂಪಿಸಿದ ಎಯಿಜಿ ತ್ಸುಬುರಾಯಾ ಸ್ಥಾಪಿಸಿದ ಸಂಸ್ಥೆ ಅದನ್ನು ತಯಾರಿಸಿತ್ತು. ಜಪಾನಿನ ಹೊರಗಿನ ಹಕ್ಕನ್ನು 1976ರ ಪತ್ರವೊಂದರ ಮೂಲಕ ತಮಗೆ ಬರೆದುಕೊಡಲಾಗಿದೆ ಎಂದು ಥಾಯ್ಲೆಂಡಿನ ನಿರ್ಮಾಪಕರೊಬ್ಬರು ವಾದಿಸಿದರು. ಜಪಾನ್ ಮತ್ತು ಥಾಯ್ಲೆಂಡ್ ನ್ಯಾಯಾಲಯಗಳು ಒಂದೇ ದಾರಿಯಲ್ಲಿ ಸಾಗಲಿಲ್ಲ. ಆ ಪತ್ರ ನಕಲಿಯೆಂದು ಕ್ಯಾಲಿಫೋರ್ನಿಯಾದ ಜ್ಯೂರಿ 2017ರಲ್ಲಿ ತೀರ್ಮಾನಿಸಿ, 2018ರಲ್ಲಿ ತೀರ್ಪು ಹೊರಬಿದ್ದ ಮೇಲೆಯೇ ಮಾರುಕಟ್ಟೆಗೆ ಧೈರ್ಯ ಬಂತು. 2019ರ ಅಕ್ಟೋಬರ್‌ನಲ್ಲಿ ಮಿಲ್ ಕ್ರೀಕ್ ಸಂಸ್ಥೆಯ ಬ್ಲೂ-ರೇಗಳು ಬರಲಾರಂಭಿಸಿದವು. ದೈತ್ಯ ಆಮೆ ಗಮೆರಾನ ಒಡೆತನವೂ ಕೈ ಬದಲಿಸಿದೆ. 1971ರಲ್ಲಿ ದಿವಾಳಿಯಾದ ದಾಯೆಯಿ ಸಂಸ್ಥೆಯ ಭಂಡಾರ ಮೊದಲು ತೊಕುಮಾ ಶೋತೆನ್‌ಗೆ, 2002ರಲ್ಲಿ ಕಡೊಕಾವಾಗೆ ಹೋಯಿತು. ಆದರೆ ಪ್ರತಿ ಸಲವೂ ಭಂಡಾರ ಇಡಿಯಾಗಿಯೇ ಕೈ ಬದಲಿಸಿದ್ದರಿಂದ 2020ರಲ್ಲಿ ಆ್ಯರೋ ಸಂಸ್ಥೆ 12 ಚಿತ್ರಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ತರಲು ಸಾಧ್ಯವಾಯಿತು.

ಅನುಮೋದನೆಯ ಕಲಮಿನ ಬಗ್ಗೆ ಎರಡು ಮಾತು. ಡಿಸ್ಕಿನ ಮುಖಪುಟ, ಹಿಂಬದಿಯ ಒಕ್ಕಣೆ, ವ್ಯಾಖ್ಯಾನದ ಧ್ವನಿಪಥ, ಟ್ರೇಲರ್ ಎಲ್ಲವನ್ನೂ ಮುದ್ರಣಕ್ಕೆ ಮೊದಲು ಹಕ್ಕುದಾರನಿಗೆ ಕಳುಹಿಸಿ ಒಪ್ಪಿಗೆ ಪಡೆಯಬೇಕೆಂಬ ಷರತ್ತು ಪಾತ್ರವೇ ಟ್ರೇಡ್‌ಮಾರ್ಕ್ ಆಗಿರುವಲ್ಲಿ ಕಡ್ಡಾಯ. ಇಂತಿಷ್ಟು ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ಭಾವಿಸಬೇಕು ಎಂದು ಬರೆಸಿಕೊಳ್ಳಲು ಪ್ರಕಾಶಕರು, ನಿರಾಕರಣೆಯೆಂದು ಭಾವಿಸಬೇಕು ಎಂದು ಬರೆಸಲು ಹಕ್ಕುದಾರರು ಹಟ ಹಿಡಿಯುತ್ತಾರೆ. ನಾನು ಕಂಡಂತೆ ಈ ಒಂದು ಸಾಲಿನಲ್ಲಿ ಗೆಲ್ಲುವವರು ಬಹುಪಾಲು ಹಕ್ಕುದಾರರೇ. ಪ್ರಕಾಶಕರು ಪ್ರೀತಿಯಿಂದ ಸಿದ್ಧಪಡಿಸಿದ ಎಷ್ಟೋ ಹೆಚ್ಚುವರಿ ಸಾಮಗ್ರಿ ಹೊರಬಾರದೆ ಉಳಿಯುವುದು ಇಲ್ಲಿಯೇ.

ಇನ್ನು ಅವಧಿ. ಪರವಾನಗಿ ಕೆಲವು ವರ್ಷಗಳಿಗೆ ಮಾತ್ರ. ಅದು ಮುಗಿದ ಮೇಲೆ ಉಳಿದ ದಾಸ್ತಾನು ಮಾರಲು ಕೆಲವು ತಿಂಗಳ ಕಾಲಾವಕಾಶ, ಬಳಿಕ ಡಿಸ್ಕು ಅಲಭ್ಯ. 1989ರ ‘ಗಾಡ್ಜಿಲ್ಲಾ ವರ್ಸಸ್ ಬಯೊಲಾಂಟೆ’ 2012ರಲ್ಲಿ ಮಿರಾಮ್ಯಾಕ್ಸ್ ಹಕ್ಕಿನಡಿ ಅಗ್ಗದ ಡಿಸ್ಕಾಗಿ ಬಂದು, ಆಮೇಲೆ ಸಿಗದೆ ಹೋಗಿ, 2025ರಲ್ಲಿ ಕ್ರೈಟೀರಿಯನ್ ಮೂಲಕ 4ಕೆ ರೂಪದಲ್ಲಿ ಮರಳಿತು. ನಡುವಿನ ವರ್ಷಗಳಲ್ಲಿ ಹಳೆಯ ಡಿಸ್ಕಿಗೆ ಬಂದ ಬೆಲೆಗೂ ಅದರ ಗುಣಮಟ್ಟಕ್ಕೂ ಸಂಬಂಧವಿರಲಿಲ್ಲ.

ಕೃತಿಸ್ವಾಮ್ಯವೇ ಮುಗಿದರೆ ಈ ತಾಪತ್ರಯ ತಪ್ಪುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ 1954ರ ಚಿತ್ರಕ್ಕೆ 95 ವರ್ಷ, ಅಂದರೆ 2049ರ ಕೊನೆಯವರೆಗೆ ರಕ್ಷಣೆಯಿದೆ. ಜಪಾನಿನಲ್ಲಿ ಪ್ರಕಟಣೆಯಿಂದ 70 ವರ್ಷ ಎಂಬ ಈಗಿನ ನಿಯಮದ ಜೊತೆಗೆ, ಕರ್ತೃವಿನ ಮರಣಾನಂತರ 38 ವರ್ಷ ಎಂಬ ಹಳೆಯ ಕಾನೂನಿನ ಲೆಕ್ಕವೂ 1971ಕ್ಕಿಂತ ಮುಂಚಿನ ಚಿತ್ರಗಳಿಗೆ ಲಾಭಕರವಾದಲ್ಲಿ ಅನ್ವಯಿಸುತ್ತದೆ. ನಿರ್ದೇಶಕ ಅಕಿರಾ ಕುರೊಸಾವಾ ಅವರ ಚಿತ್ರಗಳ ವ್ಯಾಜ್ಯದಲ್ಲಿ ಅಲ್ಲಿನ ನ್ಯಾಯಾಲಯ ನಿರ್ದೇಶಕನನ್ನೇ ಕರ್ತೃವೆಂದು ಹಿಡಿದಿತ್ತು. ಅದೇ ಅಳತೆಗೋಲು ಹಚ್ಚಿದರೆ, 1993ರಲ್ಲಿ ತೀರಿಕೊಂಡ ಹೋಂಡಾ ಅವರ ‘ಗೊಜಿರಾ’ಕ್ಕೆ 2031ರ ಕೊನೆಯವರೆಗೆ ಆಯುಸ್ಸಿದೆ. ಭಾರತದ 1957ರ ಕಾಯ್ದೆ ಸಿನಿಮಾಗೆ ಕೊಡುವುದು 60 ವರ್ಷ. 1962ರ ಚಿತ್ರದ ಅವಧಿ ಆ ಲೆಕ್ಕದಲ್ಲಿ 2022ಕ್ಕೇ ಮುಗಿದಿದೆ. ಆದರೆ ಚಿತ್ರದೊಳಗಿನ ಸಂಗೀತಕ್ಕೆ ನಮ್ಮಲ್ಲಿ ರಚನಕಾರನ ಮರಣಾನಂತರ 60 ವರ್ಷ, ಇಫುಕುಬೆ ತೀರಿಕೊಂಡದ್ದು 2006ರಲ್ಲಿ. ಟ್ರೇಡ್‌ಮಾರ್ಕಿಗಂತೂ ನವೀಕರಿಸುತ್ತಿರುವವರೆಗೆ ಕೊನೆಯೇ ಇಲ್ಲ. ಇಂಥ ಚಿತ್ರವನ್ನು ಬೆಂಗಳೂರಿನಲ್ಲಿ ಮುಕ್ತವಾಗಿ ಡಿಸ್ಕು ಮಾಡಿ ಮಾರಬಹುದೆಂದು ಯಾರಾದರೂ ಸಲಹೆ ಕೇಳಿದರೆ ನಾನು ಬೇಡವೆಂದೇ ಹೇಳುತ್ತೇನೆ.

ಕೊಳ್ಳುವವರಿಗೆ ಉಳಿಯುವ ಪ್ರಶ್ನೆ ಪ್ರದೇಶ ಸಂಕೇತದ್ದು, ಅಂದರೆ ಡಿಸ್ಕು ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕೆಂದು ನಿರ್ಧರಿಸುವ ಬೀಗದ್ದು. ಬ್ಲೂ-ರೇ ವಿಂಗಡಣೆಯಲ್ಲಿ ಅಮೆರಿಕವೂ ಜಪಾನೂ ‘ಎ’, ಭಾರತ ‘ಸಿ’. ನ್ಯೂಜೆರ್ಸಿಯಲ್ಲಿರುವ ಕನ್ನಡಿಗರ ಪ್ಲೇಯರಿನಲ್ಲಿ ಟೋಕಿಯೋದ ಡಿಸ್ಕು ಸರಾಗವಾಗಿ ಓಡುತ್ತದೆ, ಆದರೆ ತೋಹೋ ತನ್ನ ದೇಶಕ್ಕೆಂದು ತರುವ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಸಬ್‌ಟೈಟಲ್ ಇರುವುದಿಲ್ಲ. ಅಮೆರಿಕದಿಂದ ತರಿಸಿದ ಕ್ರೈಟೀರಿಯನ್ ಪೆಟ್ಟಿಗೆ ಇಲ್ಲಿನ ಸಾಮಾನ್ಯ ಪ್ಲೇಯರಿನಲ್ಲಿ ಓಡದು; ಎಲ್ಲ ಪ್ರದೇಶಗಳ ಡಿಸ್ಕನ್ನೂ ಓದುವ ಪ್ಲೇಯರ್ ಬೇಕು. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕುಗಳಿಗೆ ಈ ಬೀಗವಿಲ್ಲ. 2024ರಲ್ಲಿ ಕ್ರೈಟೀರಿಯನ್ ತಂದ ಮೊದಲ ಗಾಡ್ಜಿಲ್ಲಾದ 4ಕೆ ಡಿಸ್ಕು ಮೈಸೂರಿನಲ್ಲಿಯೂ ಓಡುತ್ತದೆ, ಅದೇ ಪೆಟ್ಟಿಗೆಯ ಬ್ಲೂ-ರೇ ಮಾತ್ರ ಓಡುವುದಿಲ್ಲ.