ಗುದ್ದಲಿ ಕಾವೂ ಗಾಲ್ಫ್ ಕೋಲೂ

ನಮ್ಮ ಸೋದರಮಾವನ ಮನೆ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿತ್ತು. ಬಾಗಿಲ ಹಿಂದೆ ಪೊರಕೆಯ ಪಕ್ಕ ಯಾವಾಗಲೂ ಒಂದು ಕೋಲು ಒರಗಿರುತ್ತಿತ್ತು. ಮರದ ಕಾವು, ತುದಿಯಲ್ಲಿ ಓರೆಯಾದ ಕಬ್ಬಿಣದ ತಲೆ. ಹಾವು ಬಂದರೆ ಅದೇ, ಹುಣಸೆಕಾಯಿ ಉದುರಿಸಲು ಅದೇ, ಬೀದಿನಾಯಿ ಓಡಿಸಲೂ ಅದೇ. ಅದು ಗಾಲ್ಫ್ ಕೋಲು ಅಂತ ನನಗೆ ಗೊತ್ತಾಗುವ ಹೊತ್ತಿಗೆ ಹೈಸ್ಕೂಲು ಮುಗಿದಿತ್ತು. ಚಿನ್ನದ ಗಣಿಯನ್ನು ಜಾನ್ ಟೇಲರ್ ಕಂಪನಿ ನಡೆಸುತ್ತಿದ್ದ ಕಾಲದಲ್ಲಿ ಅಲ್ಲಿನ ದೊರೆಗಳು ಗಾಲ್ಫ್ ಆಡುತ್ತಿದ್ದರು. ಮಾವ ಹುಡುಗನಾಗಿದ್ದಾಗ ಅವರ ಚೀಲ ಹೊರಲು ಹೋಗುತ್ತಿದ್ದರಂತೆ. ಬೇಡವೆಂದು ಯಾರೋ ಕೊಟ್ಟ ಕೋಲು ಅದು.

ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಕೋಲಾರದಲ್ಲಿ ಕೂತ ಮೇಲೆ ನನಗೂ ಆ ಹುಚ್ಚು ಹತ್ತಿತು. ನಮ್ಮ ಕಡೆ ಈಗ ಗಾಲ್ಫ್ ತೀರಾ ಅಪರೂಪವೇನಲ್ಲ. ಕೋಲಾರದಲ್ಲೇ ಮೈದಾನವಿದೆ, ನಂದಿ ಬೆಟ್ಟದ ಹತ್ತಿರ ಇನ್ನೊಂದಿದೆ. ಸ್ನೇಹಿತರೊಬ್ಬರ ಜೊತೆ ನಾಲ್ಕು ದಿನ ಅಭ್ಯಾಸಕ್ಕೆ ಹೋದೆ. ಐದನೇ ದಿನ ಬೆಂಗಳೂರಿನ ಒಂದು ಅಂಗಡಿಯಲ್ಲಿ ಪೂರ್ತಿ ಸೆಟ್ಟು ಕೊಂಡುಬಂದೆ. ಅಂಗಡಿಯ ಹುಡುಗ ಕೋಲು ಕೈಗೆ ಕೊಟ್ಟು, ‘ಸ್ಟಿಫ್ ಶಾಫ್ಟ್ ಸಾರ್, ಗಟ್ಟಿ ಮಾಲು’ ಅಂದ. ಗಟ್ಟಿ ಮಾಲು ಅಂದ ಮೇಲೆ ಮುಗಿಯಿತು, ಅಲ್ವಾ? ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನು ಒಂದೇ ಒಂದು ಪ್ರಶ್ನೆ ಕೇಳದೆ ದುಡ್ಡು ಎಣಿಸಿದೆ.

ಇದೇ ನಾನು ಸಂತೆಯಲ್ಲಿ ಗುದ್ದಲಿ ಕೊಳ್ಳುವಾಗ ಹೀಗೆ ಮಾಡುವುದಿಲ್ಲ. ಆಚಾರಿ ಮೊದಲು ನನ್ನನ್ನು ನೋಡುತ್ತಾರೆ, ಆಮೇಲೆ ಮರವನ್ನು. ‘ನೆಟ್ಟಗೆ ನಿಂತ್ಕೊಳ್ಳಿ ಮೇಷ್ಟ್ರೇ’ ಅಂತ ಕಾವನ್ನು ಪಕ್ಕಕ್ಕೆ ಹಿಡಿದು ನೋಡಿ, ಉದ್ದವಿದ್ದರೆ ಕೊಯ್ದು, ಹಿಡಿ ದಪ್ಪ ಅನಿಸಿದರೆ ಕೆತ್ತಿ ಕೊಡುತ್ತಾರೆ. ಹೊಲದಲ್ಲಿ ಅದೆಷ್ಟು ಗಂಟೆ ಬಗ್ಗಬೇಕು ಅನ್ನುವುದು ಅವರಿಗೆ ಗೊತ್ತು. ಗಾಲ್ಫ್ ಕೋಲಿಗೂ ಇದಕ್ಕಿಂತ ದೊಡ್ಡ ವಿದ್ಯೆ ಬೇಕಿಲ್ಲ. ಆಳಿಗೆ ತಕ್ಕ ಕಾವು, ಮಣ್ಣಿಗೆ ತಕ್ಕ ಅಲಗು.

ಮೊದಲು ಕಾವಿನ ಮಾತು. ಶಾಫ್ಟ್ ಅನ್ನುವುದು ಸುಮ್ನೆ ಒಂದು ಕೊಳವೆಯಲ್ಲ, ಅದು ಬಾಗುತ್ತದೆ. ಬೀಸಲು ಶುರು ಮಾಡಿದಾಗ ತಲೆ ಹಿಂದೆ ಉಳಿದು ಕಾವು ಹಿಂದಕ್ಕೆ ಬಾಗುತ್ತದೆ, ಚೆಂಡಿನ ಹತ್ತಿರ ಬರುವಾಗ ತಿರುಗಿ ನೆಟ್ಟಗಾಗಿ ತುಸು ಮುಂದಕ್ಕೂ ಬಾಗುತ್ತದೆ. ಎಷ್ಟು ಬಾಗುತ್ತದೆ ಅನ್ನುವುದು ಬೀಸುವ ವೇಗದ ಮೇಲೆ ನಿಂತಿದೆ. ಜೋರಾಗಿ ಬೀಸುವವರಿಗೆ ಗಡಸು ಕಾವು, ಮೆಲ್ಲಗೆ ಬೀಸುವವರಿಗೆ ಮೆದು ಕಾವು. ‘ಸ್ಟಿಫ್’ ಅಂದರೆ ಗುಣಮಟ್ಟ ಅಲ್ಲ, ಅದು ಒಂದು ಅಳತೆ, ಚಪ್ಪಲಿಯ ನಂಬರಿನ ಹಾಗೆ. ದೊಡ್ಡ ಕೋಲಾದ ಡ್ರೈವರ್‌ನ ತಲೆ ಗಂಟೆಗೆ ಸುಮಾರು 150 ಕಿಲೋಮೀಟರ್ ದಾಟಿ ಓಡುವಂತೆ ಬೀಸುವವರಿಗೆ ಅದು ಸರಿ. ನನ್ನದು 120. ಅಳೆದು ನೋಡಿದ ಮೇಲೆ ತಿಳಿಯಿತು. ಅಳೆಯುವ ಯಂತ್ರದ ತತ್ವ ಹೊಸದೇನಲ್ಲ. ಹೆದ್ದಾರಿಯಲ್ಲಿ ಪೊಲೀಸರು ಕಾರಿನ ವೇಗ ಹಿಡಿಯುವ ರೇಡಾರ್ ಗನ್ ಇದೆಯಲ್ಲ, ಅದೇ ಡಾಪ್ಲರ್ ತತ್ವ. ಗಡಸು ಕಾವಿನಲ್ಲಿ ನನ್ನ ಚೆಂಡೆಲ್ಲ ತಗ್ಗಿನಲ್ಲಿ ಹಾರಿ ಬಲಕ್ಕೆ ತಿರುಗುತ್ತಿದ್ದವು. ತಪ್ಪೆಲ್ಲ ಕಾವಿನದೇ ಅಂತ ಹೇಳಲಾರೆ, ಆದರೆ ಅರ್ಧ ಅದರದೇ.

ಇನ್ನೊಂದು ತಮಾಷೆ. ಶಾಫ್ಟಿನ ಮೇಲೆ, ಗಡಸಿನಿಂದ ಮೆದುವಿನ ಕಡೆಗೆ, ‘ಎಸ್’, ‘ಆರ್’, ‘ಎ’, ‘ಎಲ್’ ಅಂತ ಬರೆದಿರುತ್ತದೆ. ಇವಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆ ಅಂತ ಇಲ್ಲ. ಒಬ್ಬರ ‘ಆರ್’ ಇನ್ನೊಬ್ಬರ ‘ಎಸ್’ನಷ್ಟೇ ಗಡಸಾಗಿರಬಹುದು. ಹಾಗಾಗಿ ಅಕ್ಷರ ಓದಿ ಕೊಳ್ಳಬೇಡಿ, ಬೀಸಿ ನೋಡಿ ಕೊಳ್ಳಿ. ತೂಕವೂ ಹಾಗೆಯೇ. ಉಕ್ಕಿನ ಶಾಫ್ಟ್ ಸಾಮಾನ್ಯವಾಗಿ ನೂರು ಗ್ರಾಂ ಮೇಲೆ ತೂಗಿದರೆ, ಗ್ರಾಫೈಟ್ ಅದರ ಅರ್ಧಕ್ಕೂ ಬರಬಹುದು. ಅರವತ್ತು ದಾಟಿದ ನನ್ನಂಥವರ ಭುಜಕ್ಕೆ ಈ ವ್ಯತ್ಯಾಸ ಸಂಜೆಗೆ ಗೊತ್ತಾಗುತ್ತದೆ.

‘ಭಾರದ ತಲೆ ಇದ್ದರೆ ಚೆಂಡು ದೂರ ಹೋಗಲ್ವಾ ಸಾರ್?’ ಅಂತ ನನ್ನ ಹಳೇ ವಿದ್ಯಾರ್ಥಿಯೊಬ್ಬ ಕೇಳಿದ. ಲೆಕ್ಕ ಹಾಕೋಣ. ಚೆಂಡಿನ ತೂಕ ನಿಯಮದ ಪ್ರಕಾರ 45.93 ಗ್ರಾಂ ಮೀರುವಂತಿಲ್ಲ. ಡ್ರೈವರ್‌ನ ತಲೆ ಸುಮಾರು 200 ಗ್ರಾಂ. ಚೆಂಡು ತಲೆಗೆ ಅಂಟಿಕೊಂಡಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ ಮಾತ್ರ. ಅಷ್ಟರಲ್ಲೇ ಎಲ್ಲ ಕೊಡುಕೊಳ್ಳುವ ವ್ಯವಹಾರ ಮುಗಿಯುತ್ತದೆ. ಪುಟಿಯುವ ಗುಣಕ್ಕೆ ನಿಯಮದವರು ಹಾಕಿರುವ ಮಿತಿ 0.83. ಡಿಕ್ಕಿಯ ಸೂತ್ರಕ್ಕೆ ಇದನ್ನು ಹಾಕಿದರೆ ಚೆಂಡಿನ ವೇಗ ತಲೆಯ ವೇಗದ ಸುಮಾರು 1.49 ಪಟ್ಟು ಬರುತ್ತದೆ. ನನ್ನ 120ಕ್ಕೆ ಚೆಂಡು 179ರಲ್ಲಿ ಹೊರಡಬೇಕು. ತಲೆಯ ತೂಕವನ್ನು 300 ಗ್ರಾಂ ಮಾಡಿದೆವು ಅಂದುಕೊಳ್ಳಿ. ಒಂದೂವರೆ ಪಟ್ಟು ಭಾರ, ಆದರೆ ಚೆಂಡಿನ ವೇಗ 179ರಿಂದ 190ಕ್ಕೆ ಮಾತ್ರ ಏರುತ್ತದೆ. ಅದೂ ಅಷ್ಟು ಭಾರವನ್ನು ಮೊದಲಿನ ವೇಗದಲ್ಲೇ ಬೀಸಿದರೆ! ಬೀಸಲು ಆಗುವುದಿಲ್ಲ. ಸುತ್ತಿಗೆ ಭಾರವಾದಷ್ಟೂ ಕೈ ನಿಧಾನ.

ಆ 0.83 ಅನ್ನುವ ಸಂಖ್ಯೆಯಲ್ಲಿ ಕೊಳ್ಳುವವರಿಗೆ ಒಂದು ಲಾಭವಿದೆ. ತಲೆಯ ಗಾತ್ರಕ್ಕೂ 460 ಘನ ಸೆಂಟಿಮೀಟರ್ ಮಿತಿ ಇದೆ. ಒಳ್ಳೆಯ ಡ್ರೈವರ್‌ಗಳು ಈ ಎರಡೂ ಗೆರೆಯನ್ನು ಮುಟ್ಟಿ ಬಹಳ ವರ್ಷಗಳಾದವು. ಪ್ರತಿ ವರ್ಷ ‘ಇನ್ನೂ ಹತ್ತು ಮೀಟರ್ ಜಾಸ್ತಿ’ ಅಂತ ಜಾಹೀರಾತು ಬರುತ್ತದೆ. ಅಷ್ಟೂ ನಿಜವಾಗಿದ್ದರೆ ಇಷ್ಟು ಹೊತ್ತಿಗೆ ಕೋಲಾರದಲ್ಲಿ ಹೊಡೆದ ಚೆಂಡು ಮುಳಬಾಗಿಲಲ್ಲಿ ಬೀಳಬೇಕಿತ್ತು. ಎಂಟು ಹತ್ತು ವರ್ಷ ಹಳೆಯದಾದ ಒಳ್ಳೆಯ ಡ್ರೈವರ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹೊಸಬರು ಕಣ್ಣುಮುಚ್ಚಿ ಕೊಳ್ಳಬಹುದು ಅನ್ನುವುದು ನನ್ನ ಅಭಿಪ್ರಾಯ.

ಕಣ್ಣುಮುಚ್ಚಿ ಅಂದೆನಲ್ಲ, ಸ್ವಲ್ಪ ತೆರೆದಿರಲಿ. ಇಂಟರ್ನೆಟ್ಟಿನಲ್ಲಿ ಒಬ್ಬರಿಂದ ಟೈಟಾನಿಯಂ ಡ್ರೈವರ್ ಅಂತ ತರಿಸಿದೆ. ಕೈಗೆ ಬಂದಾಗ ಬಣ್ಣ, ಹೆಸರು ಎಲ್ಲ ಸರಿ. ಹಾಳಾದ ರೇಡಿಯೋ ಸ್ಪೀಕರಿನ ಆಯಸ್ಕಾಂತ ಮನೆಯಲ್ಲಿತ್ತು, ಸುಮ್ನೆ ಹತ್ತಿರ ಹಿಡಿದೆ. ಟಪ್ ಅಂತ ಕಚ್ಚಿಕೊಂಡಿತು! ಟೈಟಾನಿಯಂ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಡಿಯಲ್ಲಿರುವ ಸ್ಕ್ರೂ, ತೂಕದ ಬಿಲ್ಲೆಗಳು ಅಂಟಬಹುದು, ಆದರೆ ಇಡೀ ತಲೆ ಅಂಟಿದರೆ ಅದು ಉಕ್ಕು. ಟೈಟಾನಿಯಂ ಯಾಕೆ ಬೇಕು ಅಂದರೆ ಅದರ ಸಾಂದ್ರತೆ ಉಕ್ಕಿನದಕ್ಕಿಂತ ಬಹಳ ಕಡಿಮೆ, 7.8ರ ಜಾಗದಲ್ಲಿ 4.5. ಅದೇ ತೂಕದಲ್ಲಿ ದೊಡ್ಡ ತಲೆ ಮಾಡಬಹುದು. ಲೋಹ ಬರುವ ಮುಂಚೆ ಡ್ರೈವರ್ ತಲೆಗೆ ಪರ್ಸಿಮನ್ ಅನ್ನುವ ಅಮೆರಿಕದ ಮರ ಬಳಸುತ್ತಿದ್ದರು. ತುಮಕೂರಿನ ಮನೆಗಳಲ್ಲಿ ಸುತ್ತುವ ಬೀಡಿಗೆ ಎಲೆ ಕೊಡುವ ಮರ ಇದೆಯಲ್ಲ, ಅದರ ಹತ್ತಿರದ ನೆಂಟ ಅದು, ಒಂದೇ ಕುಲ.

ದೊಡ್ಡ ತಲೆಯಿಂದ ಏನು ಲಾಭ? ಇದು ನನಗೆ ಇಷ್ಟವಾದ ಭಾಗ. ಕಾವಡಿ ಹೊತ್ತವರನ್ನು ನೋಡಿದ್ದೀರಾ? ಎರಡು ತುದಿಗೆ ಎರಡು ಕೊಡ ನೇತುಹಾಕಿದ ಕೋಲನ್ನು ಥಟ್ಟನೆ ತಿರುಗಿಸಲು ಹೋದರೆ ಅದು ತಿರುಗುವುದಿಲ್ಲ. ಅದೇ ಎರಡು ಕೊಡವನ್ನು ಕೋಲಿನ ಮಧ್ಯಕ್ಕೆ ಕಟ್ಟಿ, ಸಲೀಸಾಗಿ ತಿರುಗುತ್ತದೆ. ತೂಕ ಅಷ್ಟೇ, ಅದು ಇರುವ ಜಾಗ ಬೇರೆ. ಚೆಂಡು ತಲೆಯ ನಡುವೆ ತಗುಲದೆ ತುದಿಗೆ ತಗುಲಿದರೆ ತಲೆ ಗಿರ್ರನೆ ತಿರುಗುತ್ತದೆ, ಚೆಂಡು ದಿಕ್ಕು ತಪ್ಪುತ್ತದೆ. ತೂಕವನ್ನೆಲ್ಲ ಅಂಚಿಗೆ ತಳ್ಳಿದರೆ ತಲೆ ಕಾವಡಿಯ ಹಾಗೆ ತಿರುಗಲು ಒಲ್ಲೆ ಅನ್ನುತ್ತದೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್ಹೈಮ್ 1959ರಲ್ಲಿ ಹೀಗೆ ತೂಕವನ್ನು ಎರಡು ತುದಿಗೆ ಹಂಚಿದ ಪಟ್ಟರ್, ಅಂದರೆ ಚೆಂಡನ್ನು ಕೊನೆಗೆ ಗುಂಡಿಗೆ ಉರುಳಿಸುವ ಕೋಲು, ಮಾಡಿದರು. ಚೆಂಡಿಗೆ ತಗುಲಿದಾಗ ‘ಪಿಂಗ್’ ಅಂತಿತ್ತು, ಕಂಪನಿಗೂ ಅದೇ ಹೆಸರಾಯಿತು. ಹಿಂಭಾಗದಲ್ಲಿ ಗುಳಿ ಇರುವ ಕಬ್ಬಿಣದ ಕೋಲುಗಳು ಇದೇ ತತ್ವದವು. ಹೊಸಬರಿಗೆ ಇವೇ ಸರಿ. ಕತ್ತಿಯಂತೆ ತೆಳ್ಳಗಿರುವ ಚೆಂದದ ಕೋಲುಗಳನ್ನು ನೋಡಿ ಮನಸ್ಸು ಕೆಡಿಸಿಕೊಳ್ಳಬೇಡಿ.

ನೀವು ಎಲ್ಲಿ ಹೊಡೆಯುತ್ತಿದ್ದೀರಿ ಅಂತ ತಿಳಿಯಲು ಯಂತ್ರ ಬೇಕಿಲ್ಲ. ಕೋಲಿನ ಮುಖಕ್ಕೆ ಸೀಮೆಸುಣ್ಣ ಬಳಿದು ಹತ್ತು ಚೆಂಡು ಹೊಡೆಯಿರಿ. ತಗುಲಿದ ಕಡೆ ಪುಡಿ ಹೋಗಿ ಗುರುತು ಉಳಿಯುತ್ತದೆ. ಗುರುತೆಲ್ಲ ತಲೆಗೆ ಕಾವು ಸೇರುವ ಕಡೆಯಲ್ಲೇ ಇದ್ದರೆ ಕಾವು ನಿಮಗೆ ಉದ್ದವಾಗಿರಬಹುದು. ಇನ್ನೊಂದು ಪರೀಕ್ಷೆಗೆ ಬಿಳಿ ಹಲಗೆಯ ಮಾರ್ಕರ್ ಸಾಕು. ಚೆಂಡಿನ ಮೇಲೆ ದಪ್ಪ ಗೆರೆ ಎಳೆದು, ಅದು ನೆಟ್ಟಗೆ ಕೋಲಿನ ಮುಖದ ಕಡೆ ಬರುವಂತೆ ಇಟ್ಟು ಹೊಡೆಯಿರಿ. ಗೆರೆ ಕೋಲಿನ ಮುಖಕ್ಕೆ ಅಚ್ಚಾಗುತ್ತದೆ. ಅಚ್ಚು ನೆಟ್ಟಗಿದ್ದರೆ ಕೋಲು ನೆಲಕ್ಕೆ ಕೂರುವ ಕೋನ ನಿಮಗೆ ಹೊಂದುತ್ತದೆ. ವಾಲಿದ್ದರೆ ಹೊಂದುವುದಿಲ್ಲ. ಆಗ ತಲೆಯ ಕತ್ತನ್ನು ಒಂದೆರಡು ಡಿಗ್ರಿ ಬಗ್ಗಿಸಿಕೊಡುವವರು ಇದ್ದಾರೆ. ಉದ್ದ ನೋಡುವಾಗ ನಿಮ್ಮ ಎತ್ತರವನ್ನಷ್ಟೇ ಅಳೆದರೆ ಸಾಲದು. ನೆಟ್ಟಗೆ ನಿಂತು ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಅಂತ ಅಳೆಸಿ. ಕುಳ್ಳಗಿದ್ದು ಕೈ ಗಿಡ್ಡ ಇರುವವರಿಗೂ, ಎತ್ತರವಿದ್ದು ಕೈ ನೀಳ ಇರುವವರಿಗೂ ಒಂದೇ ಕೋಲು ಆಗಿಬರಬಹುದು.

ಕೋಲಿನ ಮೇಲಿನ ನಂಬರನ್ನೂ ಪೂರ್ತಿ ನಂಬಬೇಡಿ. ಮುಖ ಎಷ್ಟು ಡಿಗ್ರಿ ಹಿಂದಕ್ಕೆ ವಾಲಿದೆ ಅನ್ನುವುದು ಮುಖ್ಯ. ನಂಬರು ಚಿಕ್ಕದಾದಷ್ಟೂ ವಾಲುವುದು ಕಡಿಮೆ, ಚೆಂಡು ದೂರ. ಹಳೆಯ 7ನೇ ನಂಬರಿನ ಕೋಲು 35 ಡಿಗ್ರಿ ಆಸುಪಾಸು ಇರುತ್ತಿತ್ತು. ಈಗ ಕೆಲವು 30ಕ್ಕೂ ಕೆಳಗಿವೆ. ‘ನನ್ನ ಏಳನೇ ನಂಬರು ಎಷ್ಟು ದೂರ ಹೋಗುತ್ತೆ ಗೊತ್ತಾ’ ಅನ್ನುವವರು ನಿಜವಾಗಿ ಹಿಡಿದಿರುವುದು ಹಳೇ ಲೆಕ್ಕದ ಐದೋ ಆರೋ ಆಗಿರುತ್ತದೆ.

ಇನ್ನು ಅಲಗು ಮತ್ತು ಮಣ್ಣು. ಹತ್ತಿರದ ಏಟಿಗೆ ಬಳಸುವ ವೆಜ್ ಕೋಲಿನ ಅಡಿಭಾಗ ಚಪ್ಪಟೆ ಅಲ್ಲ, ದೋಣಿಯ ತಳದ ಹಾಗೆ ಉಬ್ಬಿರುತ್ತದೆ. ಇದಕ್ಕೆ ಬೌನ್ಸ್ ಅನ್ನುತ್ತಾರೆ, ಡಿಗ್ರಿಯಲ್ಲಿ ಅಳೆಯುತ್ತಾರೆ. ಉಬ್ಬು ಜಾಸ್ತಿ ಇದ್ದರೆ, ಅಂದರೆ 10 ಡಿಗ್ರಿ ಮೇಲಿದ್ದರೆ, ಮರಳಿನಲ್ಲಿ, ಹಸಿ ಹುಲ್ಲಿನಲ್ಲಿ ಕೋಲು ಹೂತುಹೋಗದೆ ಜಾರುತ್ತದೆ. ಬಹಳಷ್ಟು ಸೆಟ್ಟುಗಳಲ್ಲಿ ಬರುವುದು ಅಂಥದೇ. ಆದರೆ ನಮ್ಮ ಕೆಂಪು ನೆಲ? ಬೇಸಿಗೆಯಲ್ಲಿ ಗುದ್ದಲಿಯೇ ಠಣ್ ಅಂತ ವಾಪಸ್ ಬರುತ್ತದೆ. ನೀರು ಹಾಯಿಸಿದ ಹುಲ್ಲಿನ ಆಚೆ ಕಾಲಿಟ್ಟರೆ ಅಂಥದೇ ನೆಲ. ಅಲ್ಲಿ ಉಬ್ಬಿದ ತಳ ನೆಲಕ್ಕೆ ಬಡಿದು ಪುಟಿದು ಚೆಂಡಿನ ಹೊಟ್ಟೆಗೆ ಹೊಡೆಯುತ್ತದೆ. ಚೆಂಡು ಹೊಳೆಯಾಚೆ ಹೋಗುತ್ತದೆ. ನಾಲ್ಕರಿಂದ ಆರು ಡಿಗ್ರಿ ಬೌನ್ಸ್ ಇರುವ ಒಂದು ವೆಜ್ ಬೇರೆಯಾಗಿ ಕೊಂಡೆ. ಇಡೀ ಖರೀದಿಯಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ ಇದೊಂದೇ.

ಚೆಂಡಿನ ವಿಚಾರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. ಅದರ ಮೈಮೇಲಿನ ಗುಳಿಗಳು ಮಾತ್ರ ಸೋಜಿಗ. 19ನೇ ಶತಮಾನದಲ್ಲಿ ಗಟ್ಟಾ ಪರ್ಚಾ ಎಂಬ ಮರದ ಹಾಲಿನ ಚೆಂಡು ಬಂದಾಗ, ಹೊಸ ನುಣುಪು ಚೆಂಡಿಗಿಂತ ಏಟು ತಿಂದು ಗಾಯವಾದ ಹಳೇ ಚೆಂಡೇ ಚೆನ್ನಾಗಿ ಹಾರುವುದನ್ನು ಆಟಗಾರರು ಕಂಡರು. ಆಮೇಲೆ ಬೇಕೆಂದೇ ಗುರುತು ಕೊರೆಯಲು ಶುರು ಮಾಡಿದರು. ಒರಟು ಮೈ ತನ್ನ ಸುತ್ತಲ ಗಾಳಿಯ ಪದರವನ್ನು ಕದಡುತ್ತದೆ. ಕದಡಿದ ಗಾಳಿ ಚೆಂಡಿನ ಬೆನ್ನಿನವರೆಗೂ ಅಂಟಿಕೊಂಡು ಹೋಗುತ್ತದೆ, ಹಿಂದೆ ಎಳೆಯುವ ಸುಳಿ ಚಿಕ್ಕದಾಗುತ್ತದೆ. ನುಣುಪು ಚೆಂಡು ಇದರ ಅರ್ಧ ದೂರದಲ್ಲೇ ಬೀಳುತ್ತದೆ. ಅಂದಹಾಗೆ ಕೋಲಾರ ಸಮುದ್ರಮಟ್ಟದಿಂದ 800 ಮೀಟರ್ ಮೇಲಿದೆ, ಗಾಳಿ ತೆಳು. ಮಂಗಳೂರಿನಲ್ಲಿ 150 ಮೀಟರ್ ಹೋಗುವ ಏಟು ಇಲ್ಲಿ ನಾಲ್ಕೈದು ಮೀಟರ್ ಜಾಸ್ತಿ ಹೋಗುತ್ತದೆ. ಕೊಳ್ಳುವಾಗ ಎರಡು ಪದರದ, ಗಟ್ಟಿ ಹೊದಿಕೆಯ ಅಗ್ಗದ ಚೆಂಡು ಸಾಕು. ಮೆತ್ತನೆ ಯುರಿಥೇನ್ ಹೊದಿಕೆಯ ದುಬಾರಿ ಚೆಂಡು ಹತ್ತಿರದ ಏಟಿನಲ್ಲಿ ಚೆನ್ನಾಗಿ ತಿರುಗುತ್ತದೆ ನಿಜ, ಆದರೆ ಹೊಸಬರ ಚೆಂಡು ಲಂಟಾನದ ಪೊದೆಗೆ ಹೋಗಲಿಕ್ಕೇ ಹುಟ್ಟಿರುತ್ತದೆ.

ನಿಯಮ 14 ಕೋಲುಗಳವರೆಗೆ ಒಪ್ಪುತ್ತದೆ. ಅಷ್ಟೂ ಇರಲೇಬೇಕು ಅಂತ ಹೇಳುವುದಿಲ್ಲ. ಏಳೆಂಟು ಇದ್ದರೆ ಧಾರಾಳ. ಉಳಿಸಿದ ದುಡ್ಡನ್ನು ಪಟ್ಟರ್‌ಗೆ ಹಾಕಿ. 72 ಏಟಿನ ಮೈದಾನದ ಲೆಕ್ಕದಲ್ಲಿ 36 ಏಟು ಪಟ್ಟರ್‌ನದೇ, ಹದಿನೆಂಟು ಗುಂಡಿಗೆ ತಲಾ ಎರಡರಂತೆ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತನಗಿಂತ ಬಹಳ ದೂರ ಹೊಡೆಯುವವರ ಮಧ್ಯೆ ನಿಂತು ನಾಲ್ಕನೆಯವರಾದರು, ಪದಕ ಒಂದೇ ಒಂದು ಏಟಿನಲ್ಲಿ ತಪ್ಪಿತು. ಅವರನ್ನು ಅಲ್ಲಿಯವರೆಗೆ ಎತ್ತಿಕೊಂಡು ಹೋದದ್ದು ಮುಖ್ಯವಾಗಿ ಪಟ್ಟರ್.

ನನ್ನ ‘ಗಟ್ಟಿ ಮಾಲು’ ಈಗ ವಾಲಿಬಾಲ್ ಆಡುವ ನನ್ನ ತಮ್ಮನ ಮಗನ ಹತ್ತಿರ ಇದೆ. ಅವನ ಕೈಯಲ್ಲಿ ಅದೇ ಕೋಲು ಹೇಳಿದಂತೆ ಕೇಳುತ್ತದೆ, ಹೊಟ್ಟೆ ಉರಿಯುತ್ತದೆ. ಮಾವನ ಕೋಲು ಮಾತ್ರ ನನ್ನ ಹತ್ತಿರ ಬಂದಿದೆ. ಮೊನ್ನೆ ತುಕ್ಕು ಉಜ್ಜಿ ನೋಡಿದೆ. ಕಾವು ಹಿಕರಿ ಮರದ್ದು. ಉಕ್ಕಿನ ಕಾವಿಗೆ ಬ್ರಿಟನ್ನಿನಲ್ಲಿ ಒಪ್ಪಿಗೆ ಸಿಕ್ಕಿದ್ದು 1929ರಲ್ಲಿ, ಹಾಗಾಗಿ ಮಾವನ ಕೈಗೆ ಬರುವಾಗಲೇ ಇದು ಹಳೇ ಕಾಲದ ವಸ್ತು. ತಲೆಯ ಮುಖದ ಮೇಲೆ ಒಂದು ರೂಪಾಯಿ ಅಗಲದ ಜಾಗ ಸವೆದು ನುಣುಪಾಗಿದೆ. ಬೇರೆ ಎಲ್ಲೂ ಸವೆದಿಲ್ಲ. ಯಾವ ದೊರೆಯೋ, ಎಷ್ಟು ವರ್ಷವೋ, ಅಲ್ಲೇ ಹೊಡೆದಿದ್ದಾನೆ.

ಹಿತ್ತಲಿಗೆ ಹೋಗಿ ಅದರ ಮುಖಕ್ಕೆ ಸೀಮೆಸುಣ್ಣ ಬಳಿದು, ಒಂದು ಹಳೇ ಚೆಂಡಿಟ್ಟು ಮೆಲ್ಲಗೆ ಹೊಡೆದೆ. ಚೆಂಡು ಒಗೆಯುವ ಕಲ್ಲಿಗೆ ಬಡಿದು ಸೀಬೆ ಗಿಡದ ಬುಡಕ್ಕೆ ಹೋಯಿತು. ಗುರುತು ನೋಡಿದೆ. ಸವೆದ ಜಾಗದಿಂದ ಎರಡು ಬೆರಳು ಆಚೆ ಬಿದ್ದಿತ್ತು.